ತಂತಿ ಇಟ್ಟ ಮೇಲಿನ ವರ್ಷಗಳು: ಒಂದು ಬಹಿರಂಗ ಪತ್ರ

ಚಲನೆಯ ಕಾಯಿಲೆಗಳಿಗೆ ಚಿಕಿತ್ಸೆ ನೀಡುವ ವೈದ್ಯರಿಗೆ, ಆಸ್ಪತ್ರೆಗಳನ್ನು ನಡೆಸುವವರಿಗೆ, ಮಿದುಳಿನೊಳಗೆ ಕೂರಿಸುವ ಸಾಧನಗಳನ್ನು ತಯಾರಿಸುವವರಿಗೆ ಮತ್ತು ಅವುಗಳಿಗೆ ಅನುಮತಿ ನೀಡುವ ಅಧಿಕಾರಿಗಳಿಗೆ,

ಮಾನ್ಯರೆ,

ನನ್ನ ಪತಿಗೆ ಪಾರ್ಕಿನ್ಸನ್ ಕಾಯಿಲೆ ಇದೆಯೆಂದು ಗೊತ್ತಾಗಿ ಹದಿನಾಲ್ಕು ವರ್ಷಗಳಾದವು. ಕಳೆದ ಐದು ವರ್ಷಗಳಿಂದ ಅವರ ಮಿದುಳಿನ ಎರಡೂ ಬದಿಯಲ್ಲಿ ಒಂದೊಂದು ತೆಳುವಾದ ತಂತಿ ಇದೆ. ಕಿವಿಯ ಹಿಂದಿನಿಂದ ಕತ್ತಿನ ಚರ್ಮದಡಿಯಲ್ಲಿ ಇಳಿದು ಬರುವ ಆ ತಂತಿಗಳು ಎದೆಯ ಮೇಲ್ಭಾಗದಲ್ಲಿ ಕೂರಿಸಿರುವ ಬ್ಯಾಟರಿ ಸಾಧನವನ್ನು ಸೇರುತ್ತವೆ. ಮಿದುಳಿನ ಆಳಕ್ಕೆ ಸಣ್ಣ ವಿದ್ಯುತ್ ಮಿಡಿತಗಳನ್ನು ಕೊಡುವ ಡೀಪ್ ಬ್ರೈನ್ ಸ್ಟಿಮ್ಯುಲೇಷನ್ ಎಂಬ, ನಾವೆಲ್ಲ ಡಿಬಿಎಸ್ ಎಂದು ಚುಟುಕಾಗಿ ಕರೆಯುವ ಈ ಚಿಕಿತ್ಸೆಯಿಂದ ಅವರು ಕಳೆದುಕೊಂಡಿದ್ದ ದಿನದ ಹಲವು ಗಂಟೆಗಳನ್ನು ಮರಳಿ ಪಡೆದಿದ್ದಾರೆ. ಆದ್ದರಿಂದ ಈ ಪತ್ರವನ್ನು ಚಿಕಿತ್ಸೆಯ ವಿರುದ್ಧದ ದೂರು ಎಂದು ದಯವಿಟ್ಟು ಓದಬೇಡಿ. ಆ ಚಿಕಿತ್ಸೆಯ ಋಣದಲ್ಲಿರುವವಳೇ ಇದನ್ನು ಬರೆಯುತ್ತಿದ್ದೇನೆ.

ನಾನು ಹೇಳಬೇಕಾಗಿರುವುದು ಒಂದೇ ವಿಷಯ. ಡಿಬಿಎಸ್ ಎಂದೊಡನೆ ಎಲ್ಲರ ಗಮನ, ಹಣ ಮತ್ತು ಎಚ್ಚರ ಶಸ್ತ್ರಚಿಕಿತ್ಸೆಯ ಆ ಒಂದು ದಿನದ ಸುತ್ತ ನೆರೆಯುತ್ತದೆ. ಅದಕ್ಕೆ ಮುಂಚಿನ ಕೆಲವು ವರ್ಷಗಳಿಗೂ ನಂತರದ ಇಡೀ ಆಯುಷ್ಯಕ್ಕೂ ವಾರಸುದಾರರೇ ಇಲ್ಲ. ಈ ಚಿಕಿತ್ಸೆ ಫಲಿಸುವುದೋ ಕೆಡುವುದೋ ಬಹುಮಟ್ಟಿಗೆ ಆ ವಾರಸುದಾರರಿಲ್ಲದ ವರ್ಷಗಳಲ್ಲೇ ತೀರ್ಮಾನವಾಗುತ್ತದೆ.

ನನ್ನ ಬಳಿ ಗೆರೆ ಎಳೆದ ನೋಟ್‌ಬುಕ್ಕುಗಳ ಒಂದು ಕಟ್ಟಿದೆ. ಕಾಯಿಲೆಯ ಐದನೆಯ ವರ್ಷದಲ್ಲಿ ಮಾತ್ರೆಯ ಪ್ರಭಾವ ಏರಿಳಿಯತೊಡಗಿದಾಗ, ನಮ್ಮ ನರರೋಗ ತಜ್ಞರು ದಿನವನ್ನು ಅರ್ಧರ್ಧ ಗಂಟೆಯ ನಲವತ್ತೆಂಟು ಮನೆಗಳಾಗಿ ಭಾಗಿಸಿ, ಪ್ರತಿ ಮನೆಯಲ್ಲೂ ಅವರು ಹೇಗಿದ್ದರೆಂದು ಗುರುತು ಹಾಕುವುದನ್ನು ನನಗೆ ಕಲಿಸಿಕೊಟ್ಟರು. ನಿದ್ದೆಗೆ ಒಂದು ಗುರುತು, ಮೈ ಬಿಗಿದು ಕದಲಲಾಗದ ‘ಆಫ್’ ಸ್ಥಿತಿಗೆ ಒಂದು, ಸರಾಗವಾಗಿ ಓಡಾಡುವ ‘ಆನ್’ ಸ್ಥಿತಿಗೆ ಇನ್ನೊಂದು, ಮಾತ್ರೆ ಹೆಚ್ಚಾದಾಗ ಕೈಕಾಲು ತಮ್ಮಷ್ಟಕ್ಕೆ ತಾವೇ ತೊನೆದಾಡುವ ಡಿಸ್ಕಿನೇಸಿಯಾಗೆ ಮತ್ತೊಂದು. ಮೊದಲ ನೋಟ್‌ಬುಕ್ಕಿನಲ್ಲಿ ‘ಆಫ್’ ಮನೆಗಳು ದಿನಕ್ಕೆ ಎರಡೋ ಮೂರೋ ಇದ್ದವು. ನಾಲ್ಕನೆಯದಕ್ಕೆ ಬರುವ ಹೊತ್ತಿಗೆ ಹತ್ತು, ಹನ್ನೆರಡು.

ಇದು ಏಕೆ ಹೀಗಾಗುತ್ತದೆಂಬುದು ನನಗೆ ಬಹಳ ತಡವಾಗಿ ಅರ್ಥವಾಯಿತು. ಮಿದುಳಿನ ತಳಭಾಗದಲ್ಲಿರುವ ಸಬ್‌ಸ್ಟಾನ್ಶಿಯಾ ನೈಗ್ರಾ ಎಂಬ ಭಾಗದ ನರಕೋಶಗಳು ಸಾಯುತ್ತ ಹೋದಂತೆ ಡೋಪಮಿನ್ ಎಂಬ ರಾಸಾಯನಿಕ ಕಡಿಮೆಯಾಗುತ್ತದೆ. ನಾವು ನುಂಗುವ ಲೆವೊಡೋಪಾ ಮಾತ್ರೆ ಮಿದುಳಿನಲ್ಲಿ ಡೋಪಮಿನ್ ಆಗಿ ಮಾರ್ಪಟ್ಟು ಆ ಕೊರತೆಯನ್ನು ತುಂಬುತ್ತದೆ. ಮೊದಲ ವರ್ಷಗಳಲ್ಲಿ ಉಳಿದಿರುವ ಕೋಶಗಳು ಅದನ್ನು ಕೂಡಿಟ್ಟುಕೊಂಡು ಬೇಕಾದಷ್ಟೇ ಬಿಡುವುದರಿಂದ ದಿನವಿಡೀ ಒಂದೇ ಸಮನಾಗಿರುತ್ತದೆ. ಆ ಕೋಶಗಳೂ ಕಡಿಮೆಯಾದ ಮೇಲೆ ಕೂಡಿಡುವ ಕಣಜವೇ ಇಲ್ಲದಂತಾಗಿ, ಮಾತ್ರೆ ರಕ್ತದಲ್ಲಿ ಏರಿದಾಗ ದೇಹ ಏರುತ್ತದೆ, ಇಳಿದಾಗ ಇಳಿಯುತ್ತದೆ. ಎರಡು ಗಂಟೆಗೊಮ್ಮೆ ಮಾತ್ರೆಗಾಗಿ ಗಡಿಯಾರ ನೋಡುವ ಬದುಕು ಎಂತಹುದೆಂದು ಅದನ್ನು ನೋಡಿದವರಿಗೆ ಹೇಳಬೇಕಾಗಿಲ್ಲ.

ಡೋಪಮಿನ್ ಕಡಿಮೆಯಾದಾಗ ಮಿದುಳಿನ ಆಳದಲ್ಲಿ ಮಸೂರದಾಕಾರದ ಒಂದು ಪುಟ್ಟ ಭಾಗ, ಸಬ್‌ಥಲಾಮಿಕ್ ನ್ಯೂಕ್ಲಿಯಸ್, ಅತಿಯಾಗಿ ಮತ್ತು ಅಸಹಜ ಲಯದಲ್ಲಿ ಮಿಡಿಯತೊಡಗುತ್ತದೆ. ಪಾರ್ಕಿನ್ಸನ್ ಲಕ್ಷಣಗಳನ್ನು ಉಂಟುಮಾಡಿದ್ದ ಕೋತಿಗಳಲ್ಲಿ ಆ ಭಾಗವನ್ನು ನಿಷ್ಕ್ರಿಯಗೊಳಿಸಿದಾಗ ಬಿಗಿತ, ನಿಧಾನ ಮತ್ತು ನಡುಕ ಕಡಿಮೆಯಾಗುತ್ತವೆಂದು ಅಮೆರಿಕದ ನರವಿಜ್ಞಾನಿ ಮ್ಯಾಲನ್ ಡಿಲಾಂಗ್ ಮತ್ತು ಅವರ ಸಂಗಡಿಗರು 1990ರಲ್ಲಿ ತೋರಿಸಿದರು. ಅದಕ್ಕೂ ಮೊದಲೇ, 1987ರಲ್ಲಿ, ಫ್ರಾನ್ಸಿನ ಗ್ರೆನೋಬಲ್‌ನಲ್ಲಿ ಅಲಿಮ್ ಲೂಯಿ ಬೆನಾಬಿದ್ ಮತ್ತು ಪಿಯೆರ್ ಪೊಲ್ಲಾಕ್ ಅವರ ತಂಡ ಇನ್ನೊಂದು ದಾರಿ ತೆರೆದಿತ್ತು. ಆ ಕಾಲದಲ್ಲಿ ನಡುಕಕ್ಕೆ ಮಿದುಳಿನ ಆಳದಲ್ಲಿರುವ ಥಲಾಮಸ್‌ನ ಒಂದು ಚುಕ್ಕಿಯಷ್ಟು ಭಾಗವನ್ನು ಸುಟ್ಟು ಹಾಕುವ ಶಸ್ತ್ರಚಿಕಿತ್ಸೆ ಇತ್ತು. ಸುಡುವ ಮುನ್ನ ಜಾಗ ಸರಿಯಾಗಿದೆಯೇ ಎಂದು ವಿದ್ಯುತ್ ಹಾಯಿಸಿ ಪರೀಕ್ಷಿಸುವುದು ವಾಡಿಕೆ. ಹಾಗೆ ಪರೀಕ್ಷಿಸುವಾಗ ಸೆಕೆಂಡಿಗೆ ನೂರಕ್ಕೂ ಹೆಚ್ಚು ಬಾರಿ ಮಿಡಿತ ಕೊಟ್ಟರೆ ನಡುಕ ತಾನಾಗಿಯೇ ನಿಲ್ಲುತ್ತದೆಂಬುದನ್ನು ಬೆನಾಬಿದ್ ಗಮನಿಸಿದರು. ಹಾಗಾದರೆ ಸುಡುವುದೇಕೆ, ತಂತಿಯನ್ನು ಅಲ್ಲೇ ಬಿಟ್ಟು ಮಿಡಿತವನ್ನು ಮುಂದುವರಿಸಬಾರದೇಕೆ ಎಂಬ ಪ್ರಶ್ನೆಯಿಂದ ಈ ಚಿಕಿತ್ಸೆ ಹುಟ್ಟಿತು. ಕೆಲವೇ ವರ್ಷಗಳಲ್ಲಿ ಅದೇ ತಂಡ ಸಬ್‌ಥಲಾಮಿಕ್ ನ್ಯೂಕ್ಲಿಯಸ್‌ಗೂ ತಂತಿ ಇಟ್ಟಿತು. ಅಮೆರಿಕದಲ್ಲಿ 1997ರಲ್ಲಿ ನಡುಕಕ್ಕೂ 2002ರಲ್ಲಿ ಪಾರ್ಕಿನ್ಸನ್ ಕಾಯಿಲೆಯ ಇತರ ಲಕ್ಷಣಗಳಿಗೂ ಅನುಮತಿ ದೊರೆಯಿತು. ಬೆನಾಬಿದ್ ಮತ್ತು ಡಿಲಾಂಗ್ ಇಬ್ಬರಿಗೂ 2014ರಲ್ಲಿ ವೈದ್ಯಕೀಯ ಸಂಶೋಧನೆಗೆ ಕೊಡುವ ಲಾಸ್ಕರ್ ಪ್ರಶಸ್ತಿ ಸಂದಿತು.

ಸುಡುವುದಕ್ಕೂ ಮಿಡಿಸುವುದಕ್ಕೂ ಇರುವ ವ್ಯತ್ಯಾಸವನ್ನು ಇಲ್ಲಿ ಒತ್ತಿ ಹೇಳಬೇಕು, ಏಕೆಂದರೆ ನನ್ನ ಮುಂದಿನ ಮಾತೆಲ್ಲ ಅದರ ಮೇಲೆ ನಿಂತಿದೆ. ಸುಟ್ಟದ್ದು ಸುಟ್ಟಿತು, ಅದನ್ನು ತಿದ್ದಲಾಗದು, ಹಾಗೆಯೇ ಅದನ್ನು ಪ್ರತಿ ವರ್ಷ ನೋಡಿಕೊಳ್ಳಬೇಕಾಗಿಯೂ ಇಲ್ಲ. ಮಿಡಿತವನ್ನು ಹೆಚ್ಚಿಸಬಹುದು, ತಗ್ಗಿಸಬಹುದು, ದಿಕ್ಕು ಬದಲಿಸಬಹುದು, ಬೇಡವೆಂದರೆ ನಿಲ್ಲಿಸಬಹುದು. ಡಿಬಿಎಸ್‌ನ ಹೆಗ್ಗಳಿಕೆಯೇ ಈ ಹೊಂದಾಣಿಕೆಯ ಗುಣ. ಹೊಂದಿಸುವವರೇ ಇಲ್ಲದಿದ್ದರೆ ಆ ಹೆಗ್ಗಳಿಕೆಗೆ ಅರ್ಥವೇನು?

ಮೊದಲು, ಮುಂಚಿನ ವರ್ಷಗಳ ಮಾತು. ನನ್ನ ಪತಿಯ ‘ಆಫ್’ ಗಂಟೆಗಳು ಹೆಚ್ಚಾಗತೊಡಗಿದ ಮೇಲೂ ಸುಮಾರು ಮೂರು ವರ್ಷ ನಮ್ಮೆದುರು ಡಿಬಿಎಸ್ ಎಂಬ ಪದವನ್ನು ಯಾರೂ ಎತ್ತಲಿಲ್ಲ. ನಾನೇ ಓದಿ ಕೇಳಿದಾಗ ಸಿಕ್ಕ ಉತ್ತರ, ‘ಅದೆಲ್ಲ ಕೊನೆಯ ಹಂತಕ್ಕೆ, ಈಗಲೇ ಏಕೆ?’ ಎಂಬುದು. ಈ ಉತ್ತರ ಕೊಟ್ಟ ವೈದ್ಯರು ಕೆಟ್ಟವರೆಂದು ನಾನು ಹೇಳುವುದಿಲ್ಲ. ಅವರು ಕಲಿತ ಕಾಲದಲ್ಲಿ ಅದೇ ತಿಳಿವಳಿಕೆ ಇತ್ತು. ಆದರೆ 2013ರಲ್ಲೇ ಜರ್ಮನಿ ಮತ್ತು ಫ್ರಾನ್ಸಿನ ಆಸ್ಪತ್ರೆಗಳು ಜೊತೆಗೂಡಿ ನಡೆಸಿದ ಅರ್ಲಿಸ್ಟಿಮ್ ಎಂಬ ಅಧ್ಯಯನದ ಫಲಿತಾಂಶ ಹೊರಬಂದಿತ್ತು. ಸರಾಸರಿ 52 ವರ್ಷ ವಯಸ್ಸಿನ, ಕಾಯಿಲೆ ಶುರುವಾಗಿ ಸರಾಸರಿ ಏಳೂವರೆ ವರ್ಷವಾಗಿದ್ದ, ಮಾತ್ರೆಯ ಏರಿಳಿತ ಇತ್ತೀಚೆಗಷ್ಟೇ ಕಾಣಿಸಿಕೊಂಡಿದ್ದ 251 ಮಂದಿಯಲ್ಲಿ ಅರ್ಧದಷ್ಟು ಜನರಿಗೆ ಔಷಧಿಯ ಜೊತೆಗೆ ಡಿಬಿಎಸ್, ಉಳಿದವರಿಗೆ ಔಷಧಿ ಮಾತ್ರ. ಎರಡು ವರ್ಷಗಳ ನಂತರ ಡಿಬಿಎಸ್ ಪಡೆದವರ ಜೀವನದ ಗುಣಮಟ್ಟ ಸರಾಸರಿ ಶೇ. 26ರಷ್ಟು ಉತ್ತಮಗೊಂಡಿತ್ತು, ಔಷಧಿ ಮಾತ್ರ ಪಡೆದವರದು ಇದ್ದಲ್ಲೇ ಇತ್ತು, ಇನ್ನೂ ಹೇಳಬೇಕೆಂದರೆ ಒಂದಿಷ್ಟು ಇಳಿದಿತ್ತು. ಕೆಲಸ, ಸಂಸಾರ, ಸ್ನೇಹಗಳೆಲ್ಲ ಕೈತಪ್ಪಿದ ಮೇಲೆ ಕೈನಡುಕ ನಿಂತರೆ ಕಳೆದುಹೋದದ್ದು ಮರಳಿ ಬರುವುದಿಲ್ಲ ಎಂಬುದನ್ನು ಆ ಅಂಕಿಯ ಹಿಂದೆ ನಾನು ಓದುತ್ತೇನೆ.

ಹಾಗೆಂದು ಎಲ್ಲರಿಗೂ ಬೇಗ ಬೇಗ ತಂತಿ ಹಾಕಿಬಿಡಿ ಎಂದು ನಾನು ಕೇಳುತ್ತಿಲ್ಲ. ಕಾಯಿಲೆಯ ಮೊದಲ ನಾಲ್ಕೈದು ವರ್ಷ ಕಾಯುವುದಕ್ಕೆ ಗಟ್ಟಿ ಕಾರಣವಿದೆ. ಪಾರ್ಕಿನ್ಸನ್‌ನಂತೆಯೇ ತೋರುವ, ಆದರೆ ಅದಲ್ಲದ, ಮಲ್ಟಿಪಲ್ ಸಿಸ್ಟಮ್ ಅಟ್ರೋಫಿಯಂತಹ ಕಾಯಿಲೆಗಳು ತಮ್ಮ ನಿಜರೂಪ ತೋರಲು ಅಷ್ಟು ಕಾಲ ಬೇಕು, ಮತ್ತು ಅಂಥವರಿಗೆ ಡಿಬಿಎಸ್‌ನಿಂದ ಪ್ರಯೋಜನವಿಲ್ಲ. ನಾನು ಕೇಳುವುದು ಶಸ್ತ್ರಚಿಕಿತ್ಸೆಯನ್ನಲ್ಲ, ಮಾತುಕತೆಯನ್ನು. ದಿನಕ್ಕೆ ಐದು ಬಾರಿಯಾದರೂ ಲೆವೊಡೋಪಾ ನುಂಗುತ್ತಿದ್ದರೆ, ಅಥವಾ ಎರಡು ಗಂಟೆಯಾದರೂ ‘ಆಫ್’ ಇದ್ದರೆ, ಅಥವಾ ಒಂದು ಗಂಟೆಯಾದರೂ ಕಾಡುವ ಡಿಸ್ಕಿನೇಸಿಯಾ ಇದ್ದರೆ ಆ ರೋಗಿಯನ್ನು ಮುಂದಿನ ಚಿಕಿತ್ಸೆಗಳ ಬಗ್ಗೆ ತಿಳಿದವರ ಬಳಿಗೆ ಕಳುಹಿಸಿ ಎಂದು ತಜ್ಞರೇ ಒಪ್ಪಿಕೊಂಡಿರುವ ಸರಳ ಸೂತ್ರವಿದೆ. ಐದು, ಎರಡು, ಒಂದು. ಇಷ್ಟನ್ನು ಕೇಳುವುದಕ್ಕೆ ಯಾವ ಯಂತ್ರವೂ ಬೇಡ. ನನ್ನ ನೋಟ್‌ಬುಕ್ಕಿನ ಒಂದು ಪುಟ ಸಾಕಾಗಿತ್ತು.

ಕಳುಹಿಸಿದ ಮೇಲೆ ಸತ್ಯ ಹೇಳಿ. ಈ ಚಿಕಿತ್ಸೆ ಕಾಯಿಲೆಯನ್ನು ವಾಸಿ ಮಾಡುವುದಿಲ್ಲ, ಅದು ಮುಂದುವರಿಯುವುದನ್ನು ತಡೆಯುವುದೂ ಇಲ್ಲ. ಒಂದು ರಾತ್ರಿ ಮಾತ್ರೆ ನಿಲ್ಲಿಸಿ, ಬೆಳಗ್ಗೆ ಬಿಗಿದ ಸ್ಥಿತಿಯಲ್ಲಿ ಒಮ್ಮೆ, ಲೆವೊಡೋಪಾ ಕೊಟ್ಟ ನಂತರ ಇನ್ನೊಮ್ಮೆ ಅಳೆಯುವ ಪರೀಕ್ಷೆಯಲ್ಲಿ ಚಲನೆಯ ಅಂಕ ಸುಮಾರು ಮೂರನೇ ಒಂದು ಭಾಗವಾದರೂ ಉತ್ತಮವಾಗಬೇಕೆಂದು ಸಾಮಾನ್ಯವಾಗಿ ನೋಡುತ್ತಾರೆ. ಮಾತ್ರೆಯಿಂದ ಯಾವುದು ಸುಧಾರಿಸುವುದೋ ಅದು ತಂತಿಯಿಂದಲೂ ಸುಧಾರಿಸುತ್ತದೆ. ಮಾತ್ರೆಗೆ ಬಗ್ಗದ ನಡುಕವೊಂದು ಇದಕ್ಕೆ ಅಪವಾದ, ಅದು ತಂತಿಗೆ ಬಗ್ಗುತ್ತದೆ. ಮಾತ್ರೆ ಚೆನ್ನಾಗಿ ಕೆಲಸ ಮಾಡುವಾಗಲೂ ಇರುವ ತೂರಾಟ, ನೆಲಕ್ಕೆ ಕಾಲು ಅಂಟಿಕೊಂಡಂತೆ ನಿಂತುಬಿಡುವುದು, ಕ್ಷೀಣಿಸಿದ ಮಾತು, ಮರೆವು ಇವು ತಂತಿಯಿಂದ ಸರಿಹೋಗುವುದಿಲ್ಲ. ಮಾತು ಇನ್ನಷ್ಟು ತೊದಲಬಹುದು. ಈಗಾಗಲೇ ಮರೆವು ಆವರಿಸಿದವರಲ್ಲಿ ಶಸ್ತ್ರಚಿಕಿತ್ಸೆ ಅದನ್ನು ಹೆಚ್ಚಿಸಬಹುದು.

ಅಪಾಯವನ್ನೂ ಮರೆಮಾಚಬೇಡಿ. ಅಮೆರಿಕದಲ್ಲಿ 255 ರೋಗಿಗಳ ಮೇಲೆ ನಡೆದು 2009ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಡಿಬಿಎಸ್ ಪಡೆದವರಿಗೆ ಆರು ತಿಂಗಳ ಬಳಿಕ ದಿನಕ್ಕೆ ಸರಾಸರಿ 4.6 ಗಂಟೆ ಹೆಚ್ಚುವರಿ ಒಳ್ಳೆಯ ಹೊತ್ತು ದೊರಕಿತ್ತು. ಅದೇ ಅಧ್ಯಯನದಲ್ಲಿ ಗಂಭೀರ ತೊಂದರೆಗಳು ಔಷಧಿಯ ಗುಂಪಿನಲ್ಲಿ ಶೇ. 11 ಮಂದಿಗೆ ಬಂದಿದ್ದರೆ ಡಿಬಿಎಸ್ ಗುಂಪಿನಲ್ಲಿ ಶೇ. 40 ಮಂದಿಗೆ ಬಂದಿದ್ದವು. ಅವುಗಳಲ್ಲಿ ಹೆಚ್ಚಿನವು ಮುಂದೆ ವಾಸಿಯಾದರೂ, ಒಬ್ಬರು ಮಿದುಳಿನ ರಕ್ತಸ್ರಾವದಿಂದ ತೀರಿಕೊಂಡರು. ಈ ಎರಡೂ ಅಂಕಿಗಳನ್ನು ಒಂದೇ ಉಸಿರಿನಲ್ಲಿ ಹೇಳುವ ವೈದ್ಯರು ನಮಗೆ ಬೇಕು. ನಮಗೆ ಹಾಗೆ ಹೇಳಿದವರು ಒಬ್ಬರೇ, ಮತ್ತು ನನ್ನ ಪತಿ ಒಪ್ಪಿಗೆ ಕೊಟ್ಟದ್ದು ಅವರ ಮಾತಿನ ಮೇಲೆ. ಹೆದರಿಸಿದರೆ ರೋಗಿ ಓಡಿಹೋಗುತ್ತಾನೆ ಎಂಬ ಭಾವನೆ ಬಿಡಿ.

ಯಾರೂ ಮುಂದಾಗಿ ಹೇಳದ ಸಂಗತಿಗಳೂ ಇರುತ್ತವೆ. ಚೆನ್ನಾಗಿ ಈಜು ಬರುತ್ತಿದ್ದ ಒಂಬತ್ತು ಮಂದಿ ಡಿಬಿಎಸ್ ನಂತರ ನೀರಿಗಿಳಿದಾಗ ಈಜಲಾರದೆ ಹೋದದ್ದನ್ನು ಜ್ಯೂರಿಕ್‌ನ ವೈದ್ಯರು ವರದಿ ಮಾಡಿದ್ದಾರೆ. ಅವರ ಉಳಿದೆಲ್ಲ ಚಲನೆ ಸುಧಾರಿಸಿತ್ತು, ಕೈಕಾಲುಗಳನ್ನು ಜೊತೆಗೂಡಿಸುವ ಆ ಒಂದು ಕಲೆ ಮಾತ್ರ ಮಾಯವಾಗಿತ್ತು. ಮೈ ಹಗುರಾಯಿತೆಂಬ ಉತ್ಸಾಹದಲ್ಲಿ ನೀರಿಗೆ ಹಾರುವವನಿಗೆ ಇದು ಪ್ರಾಣದ ಪ್ರಶ್ನೆ. ಒಂದು ವಾಕ್ಯ ಹೇಳಿದರೆ ಸಾಕು.

ಶಸ್ತ್ರಚಿಕಿತ್ಸೆಯ ದಿನದ ಬಗ್ಗೆ ನಾನು ಹೆಚ್ಚು ಬರೆಯುವುದಿಲ್ಲ. ಅದು ನಿಮ್ಮ ಕೈಯಲ್ಲಿ ಪಳಗಿದ ಕೆಲಸ. ತಲೆಗೆ ಬಿಗಿದ ಚೌಕಟ್ಟು, ಎಂಆರ್‌ಐ ಚಿತ್ರದ ಮೇಲೆ ಮಿಲಿಮೀಟರುಗಳ ಲೆಕ್ಕ, ಎಚ್ಚರವಾಗಿದ್ದ ನನ್ನ ಪತಿಗೆ ‘ಬೆರಳು ತಟ್ಟಿ, ಹೆಸರು ಹೇಳಿ’ ಎನ್ನುತ್ತಿದ್ದ ಶಸ್ತ್ರಚಿಕಿತ್ಸಕರ ಶಾಂತ ದನಿ, ಎಲ್ಲವೂ ಅಚ್ಚುಕಟ್ಟಾಗಿ ನಡೆಯಿತು. ಬಲಗೈಯ ಬಿಗಿತ ಮೇಜಿನ ಮೇಲೆಯೇ ಸಡಿಲಿದ್ದನ್ನು ಅವರು ಇಂದಿಗೂ ನೆನೆಯುತ್ತಾರೆ.

ಕಷ್ಟ ಶುರುವಾದದ್ದು ಆಮೇಲೆ. ತಂತಿಯ ತುದಿಯಲ್ಲಿ ನಾಲ್ಕು ಲೋಹದ ಸಂಪರ್ಕಗಳಿವೆ, ಹೊಸ ತಂತಿಗಳಲ್ಲಿ ಇನ್ನೂ ಹೆಚ್ಚು. ಯಾವ ಸಂಪರ್ಕದಿಂದ ವಿದ್ಯುತ್ ಹೊರಡಬೇಕು, ಎಷ್ಟು ಪ್ರಮಾಣದಲ್ಲಿ, ಪ್ರತಿ ಮಿಡಿತ ಎಷ್ಟು ಮೈಕ್ರೋಸೆಕೆಂಡು ಇರಬೇಕು, ಸೆಕೆಂಡಿಗೆ ಎಷ್ಟು ಮಿಡಿತ, ಇವೆಲ್ಲವನ್ನೂ ಹೊರಗಿನಿಂದ ಹೊಂದಿಸಬೇಕು. ಸಾಮಾನ್ಯವಾಗಿ 60 ಮೈಕ್ರೋಸೆಕೆಂಡು ಮತ್ತು ಸೆಕೆಂಡಿಗೆ 130 ಮಿಡಿತದಿಂದ ಶುರು ಮಾಡುತ್ತಾರೆ, ಆದರೆ ಒಬ್ಬರಿಗೆ ಒಪ್ಪಿದ್ದು ಇನ್ನೊಬ್ಬರಿಗೆ ಒಪ್ಪುವುದಿಲ್ಲ. ವಿದ್ಯುತ್ತಿನ ಹರವು ಗುರಿಯಿಂದ ಒಂದೆರಡು ಮಿಲಿಮೀಟರು ಒಂದು ಬದಿಗೆ ಸರಿದರೆ ಮುಖ ಸೆಳೆದು ಮಾತು ತೊದಲುತ್ತದೆ, ಇನ್ನೊಂದು ಬದಿಗೆ ಸರಿದರೆ ಕೈ ಜುಮ್ಮೆನ್ನುತ್ತದೆ, ಮತ್ತೊಂದೆಡೆಗಾದರೆ ಒಂದು ವಸ್ತು ಎರಡಾಗಿ ಕಾಣುತ್ತದೆ. ಬಿಗಿತ ಕೆಲವು ಸೆಕೆಂಡುಗಳಲ್ಲೇ ಸಡಿಲಿದರೆ, ನಡಿಗೆಯ ಬದಲಾವಣೆ ಗೊತ್ತಾಗಲು ಗಂಟೆಗಳೋ ದಿನಗಳೋ ಬೇಕು. ಜೊತೆಯಲ್ಲೇ ಮಾತ್ರೆಯನ್ನೂ ಇಳಿಸುತ್ತ ಬರಬೇಕು. ಬೇಗ ಇಳಿಸಿದರೆ ಮನಸ್ಸು ಮಂಕಾಗಿ ಯಾವುದರಲ್ಲೂ ಆಸಕ್ತಿಯಿಲ್ಲದಂತಾಗುತ್ತದೆ, ಇಳಿಸದಿದ್ದರೆ ಡಿಸ್ಕಿನೇಸಿಯಾ ಹೆಚ್ಚುತ್ತದೆ. ಇದು ವೀಣೆಯ ಶ್ರುತಿ ಕೂಡಿಸಿದಂತಹ ಕೆಲಸ. ಕೇಳುವ ಕಿವಿಯೂ ಕಾಯುವ ತಾಳ್ಮೆಯೂ ಎರಡೂ ಬೇಕು.

ನಮಗೆ ಸಿಕ್ಕಿದ್ದು ತಿಂಗಳಿಗೊಮ್ಮೆ ಹತ್ತು ನಿಮಿಷ. ಶಸ್ತ್ರಚಿಕಿತ್ಸೆ ನಡೆದ ಆಸ್ಪತ್ರೆಯಲ್ಲಿ ಈ ಹೊಂದಿಸುವ ಕೆಲಸವನ್ನು, ಅಂದರೆ ಪ್ರೋಗ್ರಾಮಿಂಗ್ ಅನ್ನು, ಮಾಡಲು ಖಾಯಂ ಜನರಿರಲಿಲ್ಲ. ಸಾಧನ ಮಾರಿದ ಕಂಪನಿಯ ಒಬ್ಬ ಯುವಕ ಬಂದು, ಸಾಲಿನಲ್ಲಿ ಕುಳಿತ ಎಲ್ಲರ ಸಾಧನಗಳನ್ನೂ ನೋಡಿ, ನಡುಕ ಇದೆಯೇ ಎಂದು ಕೇಳಿ, ಒಂದು ಮೆಟ್ಟಿಲು ಏರಿಸಿ ಹೋಗುತ್ತಿದ್ದ. ಅವನು ಸಭ್ಯ ಹುಡುಗ, ತನ್ನ ಕೈಲಾದದ್ದನ್ನು ಮಾಡುತ್ತಿದ್ದ. ಆದರೆ ಮಾತ್ರೆ ಬದಲಿಸುವ ಅಧಿಕಾರ ಅವನಿಗಿರಲಿಲ್ಲ, ಮಾತ್ರೆ ಬರೆಯುವ ವೈದ್ಯರಿಗೆ ಸಾಧನದ ಲೆಕ್ಕ ಗೊತ್ತಿರಲಿಲ್ಲ. ಏರುತ್ತ ಏರುತ್ತ ಐದನೆಯ ತಿಂಗಳಿಗೆ ನನ್ನ ಪತಿಯ ಕೈನಡುಕ ಪೂರಾ ನಿಂತಿತ್ತು, ಅವರ ಮಾತು ನನಗೂ ಅರ್ಥವಾಗದಷ್ಟು ಕೆಟ್ಟಿತ್ತು. ಫೋನ್ ಎತ್ತುವುದನ್ನು ಬಿಟ್ಟರು. ಮನೆಗೆ ಬಂದವರ ಎದುರು ಕುಳಿತುಕೊಳ್ಳುವುದನ್ನು ಬಿಟ್ಟರು. ‘ಕಾಯಿಲೆ ಮುಂದುವರಿಯುತ್ತಿದೆ’ ಎಂಬ ಉತ್ತರ ನಮಗೆ ಎರಡು ಬಾರಿ ಸಿಕ್ಕಿತು.

ಒಂಬತ್ತನೆಯ ತಿಂಗಳಲ್ಲಿ ಬೇರೊಂದು ಊರಿನ ನರರೋಗ ತಜ್ಞೆಯೊಬ್ಬರನ್ನು ಕಂಡೆವು. ಅವರು ಬೆಳಗ್ಗೆ ಮಾತ್ರೆ ಇಲ್ಲದೆ ಬರಲು ಹೇಳಿ, ಎರಡೂವರೆ ಗಂಟೆ ನಮ್ಮೊಡನೆ ಕುಳಿತು, ಒಂದೊಂದೇ ಸಂಪರ್ಕವನ್ನು ಮೊದಲಿನಿಂದ ಪರೀಕ್ಷಿಸಿದರು. ಪ್ರತಿ ಬಾರಿಯೂ ಮಣಿಕಟ್ಟು ತಿರುಗಿಸಿ ನೋಡಿ, ಒಂದು ವಾಕ್ಯ ಹೇಳಿಸಿ, ಕಾಗದದ ಮೇಲೆ ಬರೆದುಕೊಂಡರು. ಕೊನೆಗೆ ಎಡಬದಿಯ ತಂತಿಯಲ್ಲಿ ಮೇಲಿನ ಸಂಪರ್ಕಕ್ಕೆ ಬದಲಿಸಿ, ಪ್ರಮಾಣ ಇಳಿಸಿ, ಬೆಳಗಿನ ಮಾತ್ರೆಯನ್ನು ಅರ್ಧ ಹೆಚ್ಚಿಸಿದರು. ಅಂದು ಸಂಜೆ ನನ್ನ ಪತಿ ತಮ್ಮ ಅಕ್ಕನಿಗೆ ತಾವೇ ಫೋನ್ ಮಾಡಿ ಮಾತನಾಡಿದರು. ಬಲಗೈಯಲ್ಲಿ ಒಂದಿಷ್ಟು ನಡುಕ ಮರಳಿದೆ. ಅದನ್ನು ನಾವು ಸಂತೋಷದಿಂದ ಒಪ್ಪಿಕೊಂಡಿದ್ದೇವೆ. ತಂತಿ ಅದೇ, ಸಾಧನ ಅದೇ, ಕಾಯಿಲೆ ಅದೇ. ನಡುವೆ ಹೋದದ್ದು ನಾಲ್ಕು ತಿಂಗಳ ಮೌನ, ಅದನ್ನು ತಪ್ಪಿಸಲು ಬೇಕಾಗಿದ್ದದ್ದು ಒಂದು ಬೆಳಗು.

ಆಸ್ಪತ್ರೆಗಳನ್ನು ನಡೆಸುವವರೇ, ನಿಮ್ಮಲ್ಲಿ ನನ್ನ ಬೇಡಿಕೆ ಇದು. ಪ್ರೋಗ್ರಾಮಿಂಗ್ ಎಂಬುದು ಶಸ್ತ್ರಚಿಕಿತ್ಸೆಯ ಬಾಲಂಗೋಚಿಯಲ್ಲ, ಅದೇ ಚಿಕಿತ್ಸೆ. ಅದಕ್ಕೆ ತರಬೇತಿ ಪಡೆದ ವೈದ್ಯರು ಅಥವಾ ದಾದಿಯರು ನಿಮ್ಮ ಸಿಬ್ಬಂದಿಯಲ್ಲೇ ಇರಬೇಕು, ಅವರಿಗೆ ಗಡಿಯಾರ ನೋಡದೆ ಕೂರುವಷ್ಟು ಹೊತ್ತು ಕೊಡಬೇಕು, ಮಾತ್ರೆ ಮತ್ತು ಮಿಡಿತ ಎರಡೂ ಒಬ್ಬರ ಕಣ್ಣಳತೆಯಲ್ಲಿರಬೇಕು. ವರ್ಷಕ್ಕೆ ಎಷ್ಟು ತಂತಿ ಹಾಕಿದಿರಿ ಎಂಬ ಲೆಕ್ಕದ ಪಕ್ಕದಲ್ಲೇ, ಹಾಕಿದವರಲ್ಲಿ ಎಷ್ಟು ಮಂದಿಯನ್ನು ಎರಡು ವರ್ಷದ ಮೇಲೂ ನೋಡುತ್ತಿದ್ದೀರಿ ಎಂಬ ಲೆಕ್ಕವನ್ನೂ ಪ್ರಕಟಿಸಿ. ಪ್ರತಿ ಭೇಟಿಯ ನಂತರ ಸಂಪರ್ಕ, ಪ್ರಮಾಣ, ಮಿಡಿತದ ಅಗಲ, ವೇಗ, ಬ್ಯಾಟರಿಯ ಮಟ್ಟ ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು ರೋಗಿಯ ಕೈಗೆ ಕೊಡಿ. ಆ ಹೊಸ ವೈದ್ಯೆ ಹಿಂದಿನ ಹೊಂದಾಣಿಕೆಗಳ ಇತಿಹಾಸ ಕೇಳಿದಾಗ ನಮ್ಮ ಬಳಿ ಒಂದು ಅಕ್ಷರವೂ ಇರಲಿಲ್ಲ. ಒಬ್ಬ ಮನುಷ್ಯನ ಮಿದುಳಿನೊಳಗೆ ಏನು ಹರಿಯುತ್ತಿದೆ ಎಂಬ ಮಾಹಿತಿ ಆ ಮನುಷ್ಯನ ಬಳಿ ಇರಬೇಡವೇ? ದೂರದಿಂದ ಬರುವವರಿಗಾಗಿ ಅಂತರ್ಜಾಲದ ಮೂಲಕ ಹೊಂದಿಸುವ ಸೌಲಭ್ಯವೂ ಈಗ ಕೆಲವು ಸಾಧನಗಳಲ್ಲಿದೆ. ನಿಂತರೆ ಬೀಳುವ ಮನುಷ್ಯನನ್ನು ಹತ್ತು ನಿಮಿಷದ ಕೆಲಸಕ್ಕೆ ದಿನವಿಡೀ ಪ್ರಯಾಣ ಮಾಡಿಸುವ ಬದಲು ಅದನ್ನು ಬಳಸಿ.

ಇನ್ನು ಬ್ಯಾಟರಿ. ರೀಚಾರ್ಜ್ ಆಗದ ಸಾಧನ ಸಾಮಾನ್ಯವಾಗಿ ಮೂರರಿಂದ ಐದು ವರ್ಷ ಬಾಳುತ್ತದೆ. ರೀಚಾರ್ಜ್ ಮಾಡುವಂಥದ್ದು ಹದಿನೈದು ವರ್ಷದವರೆಗೂ ಬಾಳಬಹುದು, ಆದರೆ ಮರೆಯದೆ ಚಾರ್ಜ್ ಮಾಡುವ ಕೈ ಮತ್ತು ಮನಸ್ಸು ಬೇಕು. ಆ ಕೈಯೇ ನಡುಗುವ ಕೈ. ಬ್ಯಾಟರಿ ಏಕಾಏಕಿ ನಿಂತರೆ ಹಳೆಯ ಲಕ್ಷಣಗಳು ಮಾತ್ರ ಮರಳುತ್ತವೆಂದು ಎಣಿಸಬೇಡಿ. ವರ್ಷಗಟ್ಟಲೆ ಮಿಡಿತಕ್ಕೆ ಒಗ್ಗಿದ ದೇಹ ತೀವ್ರವಾಗಿ ಬಿಗಿದು, ನುಂಗಲಾಗದೆ, ಜ್ವರ ಬಂದು, ಹೆಚ್ಚಿನ ಮಾತ್ರೆಗೂ ಜಗ್ಗದ ಸ್ಥಿತಿಗೆ ಹೋಗಬಹುದು. ಸ್ನಾಯುಗಳು ತಾವಾಗಿಯೇ ಬಿಗಿದು ಮೈ ತಿರುಚುವ ಡಿಸ್ಟೋನಿಯಾ ಎಂಬ ಇನ್ನೊಂದು ಚಲನೆಯ ಕಾಯಿಲೆಗಾಗಿ ಡಿಬಿಎಸ್ ಪಡೆದವರಲ್ಲಿ ಆ ತಿರುಚುವಿಕೆ ಪ್ರಾಣಾಪಾಯದ ಮಟ್ಟಕ್ಕೆ ಏರಬಹುದು. ಹಾಗಿದ್ದೂ ಬ್ಯಾಟರಿ ಬದಲಿಸುವುದನ್ನು ಅನೇಕ ಕಡೆ ‘ಅನುಕೂಲವಾದಾಗ ಮಾಡುವ’ ಶಸ್ತ್ರಚಿಕಿತ್ಸೆಗಳ ಸಾಲಿಗೆ ಸೇರಿಸುತ್ತಾರೆ. ಮೊದಲ ಶಸ್ತ್ರಚಿಕಿತ್ಸೆಗೆ ನೆರವು ನೀಡುವ ವಿಮೆ ಮತ್ತು ಯೋಜನೆಗಳು ಬದಲಿ ಬ್ಯಾಟರಿಯನ್ನೂ ಮೊದಲ ದಿನವೇ ಅದರೊಳಗೆ ಸೇರಿಸಿಕೊಳ್ಳಬೇಕು. ಮೂರ್ನಾಲ್ಕು ವರ್ಷ ನಡೆದಾಡಿಸಿ, ಆಮೇಲೆ ನೀವೇ ನೋಡಿಕೊಳ್ಳಿ ಎನ್ನುವುದು ಚಿಕಿತ್ಸೆ ಎನಿಸಿಕೊಳ್ಳುವುದಿಲ್ಲ.

ಉಳಿದ ವೈದ್ಯಲೋಕಕ್ಕೂ ಒಂದು ಮಾತು. ಎರಡು ವರ್ಷದ ಹಿಂದೆ ಮಂಡಿನೋವಿಗೆಂದು ನನ್ನ ಪತಿಯನ್ನು ಫಿಸಿಯೋಥೆರಪಿಗೆ ಕರೆದೊಯ್ದಾಗ ಅಲ್ಲಿನವರು ದೇಹದೊಳಗೆ ಶಾಖ ಹುಟ್ಟಿಸುವ ಡಯಾಥರ್ಮಿ ಯಂತ್ರವನ್ನು ಎಳೆದು ತಂದು ಮಂಡಿಗೆ ಹೊಂದಿಸುತ್ತಿದ್ದರು. ಹಾಸಿಗೆಯ ಪಕ್ಕದಲ್ಲಿ ನಾನಿದ್ದೆ, ಕೈ ಅಡ್ಡ ಹಿಡಿದೆ. ಡಯಾಥರ್ಮಿಯ ಶಕ್ತಿ ತಂತಿಗುಂಟ ಹರಿದು ಅದರ ತುದಿಯನ್ನು ಕಾಯಿಸಿ ಮಿದುಳನ್ನು ಸುಡಬಲ್ಲದು. ದೇಹದ ಯಾವ ಭಾಗಕ್ಕೆ ಕೊಟ್ಟರೂ, ಸಾಧನ ಆಫ್ ಆಗಿದ್ದರೂ ಈ ಅಪಾಯ ತಪ್ಪಿದ್ದಲ್ಲ. ನಾನು ಹೊರಗೆ ಕುಳಿತಿದ್ದರೆ ಏನಾಗುತ್ತಿತ್ತೆಂದು ಇಂದಿಗೂ ಎಷ್ಟೋ ರಾತ್ರಿ ಯೋಚಿಸುತ್ತೇನೆ. ಎಂಆರ್‌ಐ ಮಾಡುವವರು, ಹಲ್ಲಿನ ವೈದ್ಯರು, ತುರ್ತು ಚಿಕಿತ್ಸಾ ಘಟಕದವರು, ಅರಿವಳಿಕೆ ತಜ್ಞರು, ಫಿಸಿಯೋಥೆರಪಿಸ್ಟರು ಇವರೆಲ್ಲರ ಪಾಠಪಟ್ಟಿಯಲ್ಲಿ ಡಿಬಿಎಸ್ ಇರುವ ರೋಗಿಯ ಬಗ್ಗೆ ಅರ್ಧ ಪುಟವಾದರೂ ಇರಬೇಕು.

ಡಿಸ್ಟೋನಿಯಾದ ಮಕ್ಕಳನ್ನು ನಾನು ಕಾಯುವ ಕೋಣೆಗಳಲ್ಲಿ ಕಂಡಿದ್ದೇನೆ. ಪಾರ್ಕಿನ್ಸನ್‌ನಂತೆ ಇವರಲ್ಲಿ ಫಲ ತಕ್ಷಣ ಕಾಣುವುದಿಲ್ಲ. ವಾರಗಳು, ತಿಂಗಳುಗಳು ಬೇಕು. ಜೀನ್‌ನ ದೋಷದಿಂದ ಬರುವ ಡಿವೈಟಿ1 ಎಂಬ ಬಗೆಯಲ್ಲಿ ಫಲ ವಿಶೇಷವಾಗಿ ಚೆನ್ನಾಗಿರುತ್ತದೆ. ಕಾಯುವ ಆ ತಿಂಗಳುಗಳಲ್ಲಿ ‘ಇಷ್ಟೆಲ್ಲ ಮಾಡಿಸಿಯೂ ಏನೂ ಆಗಲಿಲ್ಲವಲ್ಲ’ ಎಂದು ಎದೆಗುಂದುವ ತಂದೆತಾಯಿಗಳಿಗೆ ಇದನ್ನು ಮೊದಲೇ ಬಿಡಿಸಿ ಹೇಳುವವರು ಯಾರು? ಹತ್ತು ವರ್ಷದ ಮಗುವಿಗೆ ಸಾಧನ ಕೂರಿಸಿದರೆ ನಂತರದ ವರ್ಷಗಳೆಂದರೆ ಐವತ್ತೋ ಅರವತ್ತೋ ವರ್ಷ. ಮಗು ಬೆಳೆದು ಕತ್ತಿನ ತಂತಿ ಬಿಗಿಯಾಗುವುದನ್ನೂ ಒಂದರ ಮೇಲೊಂದರಂತೆ ಬರುವ ಬ್ಯಾಟರಿಗಳನ್ನೂ ಲೆಕ್ಕ ಹಾಕಿ ಆ ಕುಟುಂಬದೊಡನೆ ಕುಳಿತು ಮಾತನಾಡಬೇಕು.

ಸಾಧನ ತಯಾರಿಸುವವರೇ, ಅನುಮತಿ ನೀಡುವ ಅಧಿಕಾರಿಗಳೇ, ಕಣ್ಣಿನ ರೆಟಿನಾದಲ್ಲಿ ಇರಿಸುತ್ತಿದ್ದ ಆರ್ಗಸ್-2 ಎಂಬ ಸಾಧನದ ಕಥೆ ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಲೋಕದಾದ್ಯಂತ 350ಕ್ಕೂ ಹೆಚ್ಚು ಮಂದಿ ಅಂಧರು ಅದನ್ನು ನಂಬಿ ಹಾಕಿಸಿಕೊಂಡರು. ತಯಾರಕರು 2019ರಲ್ಲಿ ಅದನ್ನು ಕೈಬಿಟ್ಟು, ಮರುವರ್ಷ ದಿವಾಳಿಯ ಅಂಚಿಗೆ ಬಂದಾಗ ಆ ಜನರ ಕಣ್ಣೊಳಗಿನ ಯಂತ್ರಕ್ಕೆ ಬಿಡಿಭಾಗ ಕೊಡುವವರೂ ದುರಸ್ತಿ ಮಾಡುವವರೂ ಇಲ್ಲದಂತಾಯಿತು. ಡಿಬಿಎಸ್ ತಂತಿ ಮಿದುಳಿನಲ್ಲಿರುವುದು. ಒಂದು ಮಾದರಿಯ ತಯಾರಿಕೆ ನಿಲ್ಲಿಸುವಾಗ ಈಗಾಗಲೇ ಅದನ್ನು ಹೊತ್ತಿರುವವರಿಗೆ ಎಷ್ಟು ವರ್ಷ ಬ್ಯಾಟರಿ ಮತ್ತು ಪ್ರೋಗ್ರಾಮಿಂಗ್ ಉಪಕರಣ ದೊರಕಿಸುತ್ತೀರಿ ಎಂಬುದನ್ನು ಅನುಮತಿ ಪತ್ರದಲ್ಲೇ ಬರೆಸಬೇಕು. ಒಬ್ಬರ ತಂತಿಗೆ ಇನ್ನೊಬ್ಬರ ಬ್ಯಾಟರಿ ಸರಾಗವಾಗಿ ಕೂಡುವಂತೆ ಜೋಡಣೆಯ ಭಾಗಕ್ಕೆ ಒಂದೇ ಅಳತೆ ತರಬೇಕು. ಸಂಶೋಧನೆಯ ಪ್ರಯೋಗಗಳಲ್ಲಿ ಸಾಧನ ಹಾಕಿಸಿಕೊಂಡವರನ್ನು, ಪ್ರಯೋಗ ವಿಫಲವಾದರೂ, ಅವರಿಗೆ ಅದು ಉಪಯೋಗವಾಗುತ್ತಿದ್ದರೆ ನಡುನೀರಿನಲ್ಲಿ ಬಿಡಬಾರದು.

ಮಿದುಳಿನ ಲಯವನ್ನು ತಾನೇ ಗ್ರಹಿಸಿ, ಅಗತ್ಯಕ್ಕೆ ತಕ್ಕಂತೆ ಮಿಡಿತವನ್ನು ಏರಿಸಿ ಇಳಿಸುವ ಹೊಸ ಸಾಧನಕ್ಕೆ ಅಮೆರಿಕದಲ್ಲಿ 2025ರಲ್ಲಿ ಅನುಮತಿ ದೊರೆತಾಗ ನಾನೂ ಸಂತೋಷಪಟ್ಟೆ. ಅದು ಪ್ರೋಗ್ರಾಮಿಂಗ್ ಮಾಡುವವರ ಅಗತ್ಯವನ್ನು ಇಲ್ಲವಾಗಿಸುತ್ತದೆಂದು ಮಾತ್ರ ಯಾರೂ ಭಾವಿಸಬಾರದು. ಯಾವ ಮಟ್ಟದಲ್ಲಿ ಏರಬೇಕು, ಎಲ್ಲಿ ನಿಲ್ಲಬೇಕೆಂದು ಆ ಯಂತ್ರಕ್ಕೆ ಹೇಳಿಕೊಡಬೇಕಾದವರು ಮನುಷ್ಯರೇ, ಮತ್ತು ನನ್ನ ಪತಿ ಅಕ್ಕನೊಡನೆ ಮಾತನಾಡಲು ಕೈನಡುಕವನ್ನು ಬಿಟ್ಟುಕೊಡಲು ಸಿದ್ಧರಿದ್ದಾರೆಂಬುದು ಯಾವ ಮಿದುಳಿನ ಅಲೆಯಲ್ಲೂ ಕಾಣುವಂಥದ್ದಲ್ಲ.

ಕಳೆದ ತಪಾಸಣೆಯಲ್ಲಿ ಅವರ ಬ್ಯಾಟರಿ ಬದಲಿಸುವ ಸಮಯ ಹತ್ತಿರವಾಯಿತೆಂಬ ಸೂಚನೆ ತೋರಿಸಿತು. ಇನ್ನು ಕೆಲವು ತಿಂಗಳುಗಳಿವೆ. ಯಾರನ್ನು ಕಾಣಬೇಕು, ದಿನಾಂಕ ಕೊಡುವವರು ಯಾರು, ಅಷ್ಟರೊಳಗೆ ಅದು ನಿಂತರೆ ಯಾವ ಬಾಗಿಲು ತಟ್ಟಬೇಕು ಎಂಬ ಮೂರು ಪ್ರಶ್ನೆಗಳನ್ನು ಶಸ್ತ್ರಚಿಕಿತ್ಸೆ ನಡೆದ ಆಸ್ಪತ್ರೆಗೆ ಬರೆದು ಏಳು ವಾರಗಳಾದವು. ನೋಟ್‌ಬುಕ್ಕಿನ ಹೊಸ ಪುಟದ ಮೇಲ್ಭಾಗದಲ್ಲಿ ಆ ಮೂರನ್ನೂ ಬರೆದು, ಕೆಳಗೆ ಜಾಗ ಬಿಟ್ಟಿದ್ದೇನೆ. ನಿಮ್ಮ ಉತ್ತರಕ್ಕಾಗಿ ಕಾಯುತ್ತಿದ್ದೇನೆ.

ಇಂತಿ,
ಡಿಬಿಎಸ್ ಸಾಧನದೊಡನೆ ಬದುಕುತ್ತಿರುವ ಒಬ್ಬರ ಪತ್ನಿ